ಕುಣಿತವೂ ಮಾತೂ: ಕೆರೆಮನೆ ಶಂಭು ಹೆಗಡೆ

ವಜ್ರಳ್ಳಿಯಲ್ಲಿ ಗಂಡಸು ಕಾಲಿಗೆ ಗೆಜ್ಜೆ ಕಟ್ಟಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಯಲ್ಲಾಪುರದಿಂದ ಅಂಕೋಲಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಇಡಗುಂದಿಯ ಹತ್ತಿರ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ಸುತ್ತ ಅಡಿಕೆ ತೋಟ, ಅದರಾಚೆ ಕಾಡು. ಹಗಲು ತೋಟದಲ್ಲಿ ಕೊನೆ ಇಳಿಸುವವರು, ಶಾಲೆಯಲ್ಲಿ ಪಾಠ ಹೇಳುವವರು, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು ಆ ಕಡೆಯ ಊರುಗಳಲ್ಲಿ ರಾತ್ರಿ ಬಣ್ಣ ಹಚ್ಚಿ ಅರ್ಜುನನಾಗುತ್ತಾರೆ, ಸುಧನ್ವನಾಗುತ್ತಾರೆ, ಸೀರೆಯುಟ್ಟು ದ್ರೌಪದಿಯೂ ಆಗುತ್ತಾರೆ. ಮರುದಿನ ದಾರಿಯಲ್ಲಿ ಸಿಕ್ಕವರು ‘ನಿನ್ನೆ ಕುಣಿತ ಚಲೋ ಆತು’ ಎಂದು ಹೇಳಿ ಮುಂದೆ ಹೋಗುತ್ತಾರೆ.

ಇಲ್ಲಿ ಇಂಗ್ಲೆಂಡಿನ ನಮ್ಮ ಕನ್ನಡ ಕೂಟದ ಹುಡುಗರಲ್ಲಿ ಬ್ಯಾಲೆ ಕಲಿಯುವವರಿದ್ದಾರೆ. ಅದು ಹುಡುಗಿಯರ ಕೆಲಸ ಎಂದು ಶಾಲೆಯಲ್ಲಿ ಹಂಗಿಸುತ್ತಾರೆ ಎಂದು ಅವರಲ್ಲೊಬ್ಬ ನನ್ನ ಹತ್ತಿರ ಬೇಸರದಿಂದ ಹೇಳಿದ. ಅವನಿಗೂ ನಿಮಗೆಲ್ಲರಿಗೂ ನಮ್ಮ ಜಿಲ್ಲೆಯ ಒಬ್ಬ ಕುಣಿಯುವ ಗಂಡಸಿನ ಕಥೆ ಹೇಳಬೇಕೆನಿಸಿತು. ಅದಕ್ಕೆ ಮೊದಲು ನೀವು ಬೆಳೆಯುತ್ತಿರುವ ಕಡೆಯ ಬ್ಯಾಲೆಯ ಕಥೆ ಸ್ವಲ್ಪ.

ಬ್ಯಾಲೆಯಲ್ಲೂ ಗಂಡಸರಿಗೆ ಸದಾ ಗೌರವ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಪುರುಷ ನರ್ತಕರನ್ನು ಎಷ್ಟು ಬದಿಗೆ ಸರಿಸಿದ್ದರೆಂದರೆ, 1870ರಲ್ಲಿ ‘ಕೊಪೇಲಿಯಾ’ ಮೊದಲ ಸಲ ರಂಗಕ್ಕೆ ಬಂದಾಗ ಅದರ ನಾಯಕ ಫ್ರಾಂಜ್‌ನ ಪಾತ್ರವನ್ನು ಮಾಡಿದ್ದು ಒಬ್ಬ ಹೆಂಗಸು. ನಮ್ಮಲ್ಲಿ ಗಂಡಸರು ಸ್ತ್ರೀವೇಷ ಮಾಡುತ್ತಿದ್ದ ಕಾಲಕ್ಕೆ ಅಲ್ಲಿ ಹೆಂಗಸರು ಗಂಡುವೇಷ ಮಾಡುತ್ತಿದ್ದರು! 1909ರಲ್ಲಿ ದಿಯಾಗಿಲೆವ್ ರಷ್ಯದಿಂದ ತಂಡ ಕಟ್ಟಿಕೊಂಡು ಪ್ಯಾರಿಸ್‌ಗೆ ಬಂದು, ನಿಜಿನ್‌ಸ್ಕಿ ಎಂಬ ಯುವಕ ಅಲ್ಲಿ ಜಿಗಿದು ತೋರಿಸಿದ ಮೇಲೆ ಗಾಳಿ ಬದಲಾಯಿತು. ಅದೇ ದಿಯಾಗಿಲೆವ್‌ರ ತಂಡವನ್ನು ಮುಂದೆ ಸೇರಿದವರು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 1904ರಲ್ಲಿ ಹುಟ್ಟಿದ ಪ್ಯಾಟ್ರಿಕ್ ಹೀಲಿ-ಕೇ. ಬ್ಯಾಲೆ ಎಂದರೆ ರಷ್ಯದವರದ್ದು ಎಂದು ಜನ ನಂಬಿದ್ದ ಕಾಲ. ಹಾಗಾಗಿ ಅವರು ಆಂಟನ್ ಡೋಲಿನ್ ಆದರು. ಅವರ ನೃತ್ಯದ ಜೊತೆಗಾತಿ ಲಿಲಿಯನ್ ಅಲಿಸಿಯಾ ಮಾರ್ಕ್ಸ್ ಅಲಿಸಿಯಾ ಮಾರ್ಕೋವಾ ಆದರು. 1931ರ ‘ಜಾಬ್’ ಎಂಬ ಬ್ಯಾಲೆಯಲ್ಲಿ ಡೋಲಿನ್ ಮಾಡಿದ ಸೈತಾನನ ಪಾತ್ರ ಇವತ್ತಿಗೂ ಹೆಸರಾದದ್ದು. ಬೆಂಗಳೂರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ನರ್ತಕ ರಾಮ್ ಗೋಪಾಲರ ಎದುರು ಇದೇ ಮಾರ್ಕೋವಾ 1960ರಲ್ಲಿ ರಾಧೆಯಾಗಿ ಕುಣಿದರು.

ಈಗ ನಮ್ಮ ಕಡೆಗೆ ಬರೋಣ. ವಜ್ರಳ್ಳಿಯಿಂದ ಅರಬೈಲ್ ಘಟ್ಟ ಇಳಿದು, ಕುಮಟಾ, ಹೊನ್ನಾವರ ದಾಟಿ ದಕ್ಷಿಣಕ್ಕೆ ಹೋದರೆ ಸಮುದ್ರದ ಮಗ್ಗುಲಲ್ಲಿ ಗುಣವಂತೆ ಎಂಬ ಊರು. ಕೆರೆಮನೆ ಅಲ್ಲಿನ ಒಂದು ಮನೆತನ. ಆ ಮನೆಯ ಶಿವರಾಮ ಹೆಗಡೆಯವರು 1934ರಲ್ಲಿ ಹತ್ತಿರದ ಇಡಗುಂಜಿಯ ಗಣಪತಿಯ ಹೆಸರಿನಲ್ಲಿ ಒಂದು ಯಕ್ಷಗಾನ ಮೇಳ ಕಟ್ಟಿದರು. ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಎಂಬ ಆ ಮೇಳ ಇಂದಿಗೂ ನಡೆಯುತ್ತಿದೆ. ಶಿವರಾಮ ಹೆಗಡೆಯವರಿಗೆ 1970ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಹೊಲದಲ್ಲಿ, ದೇವಸ್ಥಾನದ ಬಯಲಲ್ಲಿ, ದೊಂದಿ ಬೆಳಕಲ್ಲಿ ಬೆಳೆದ ಆಟವನ್ನು ದೆಹಲಿ ಹೀಗೆ ಎದ್ದುನಿಂತು ಗೌರವಿಸಿದ್ದು ನಮ್ಮ ಹಿರಿಯರಿಗೆ ತಮ್ಮ ಮನೆಯ ಹಬ್ಬದಂತೆಯೇ ಇತ್ತು.

ಅವರ ಮಗ ಶಂಭು ಹೆಗಡೆ, ಹುಟ್ಟಿದ್ದು 1938ರ ಸೆಪ್ಟೆಂಬರ್ 6ರಂದು. ಬ್ಯಾಲೆ ಶಾಲೆಯಲ್ಲಿ ನೀವು ಗೋಡೆಯ ಪಕ್ಕದ ಅಡ್ಡಗೋಲು ಹಿಡಿದು ಪಾಠ ಶುರುಮಾಡುತ್ತೀರಲ್ಲ, ಕೆರೆಮನೆಯ ಮಕ್ಕಳಿಗೆ ಪಾಠದ ಕೋಣೆ ಚೌಕಿ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ, ಮುಂಡಾಸು ಕಟ್ಟಿಕೊಳ್ಳುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಪ್ಪ ಮೇಳದ ಯಜಮಾನ. ಸೋದರ ಸಂಬಂಧಿ ಮಹಾಬಲ ಹೆಗಡೆ, ಬಡಗುತಿಟ್ಟು ಎಂಬ ನಮ್ಮ ಕಡೆಯ ಯಕ್ಷಗಾನ ಶೈಲಿ ಕಂಡ ಅತಿ ದೊಡ್ಡ ಕಲಾವಿದರಲ್ಲಿ ಒಬ್ಬರು. ತಮ್ಮ ಗಜಾನನ ಹೆಗಡೆ ಸ್ತ್ರೀವೇಷಕ್ಕೆ ಹೆಸರಾದವರು. ಅಣ್ಣ ರಾಜನಾದರೆ ತಮ್ಮ ರಾಣಿ. ಈ ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಕಂಡವರು ಇವತ್ತಿಗೂ ಅದರ ಮಾತಾಡುತ್ತಾರೆ.

ಯಕ್ಷಗಾನದಲ್ಲಿ ಒಬ್ಬ ವೇಷಧಾರಿ ಏನೇನು ಮಾಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಶಂಭು ಹೆಗಡೆಯವರ ದೊಡ್ಡತನ ಅದರಲ್ಲೇ ಇದೆ. ರಂಗಸ್ಥಳದ ಹಿಂಬದಿಯಲ್ಲಿ ಭಾಗವತರು ಕೂತು ಪದ್ಯ ಹೇಳುತ್ತಾರೆ. ಜೊತೆಗೆ ಮದ್ದಳೆ, ಚಂಡೆ. ಬ್ಯಾಲೆಯಲ್ಲಿ ವಾದ್ಯದವರು ವೇದಿಕೆಯ ಮುಂದೆ ತಗ್ಗಿನಲ್ಲಿ ಕಾಣದಂತೆ ಕೂತಿರುತ್ತಾರೆ; ನಮ್ಮಲ್ಲಿ ಭಾಗವತರೇ ಆಟದ ಮೊದಲನೇ ವೇಷ ಎಂಬ ಮಾತಿದೆ, ಬಣ್ಣ ಹಚ್ಚದಿದ್ದರೂ. ವೇಷಧಾರಿ ಮೊದಲು ಒಡ್ಡೋಲಗ ಎಂಬ ಪ್ರವೇಶದ ಕುಣಿತದೊಂದಿಗೆ ರಂಗಕ್ಕೆ ಬರುತ್ತಾನೆ. ತಲೆಯ ಮೇಲೆ ಮುಂಡಾಸು ಅಥವಾ ಕಿರೀಟ, ಎದೆಗೆ, ಭುಜಕ್ಕೆ, ತೋಳಿಗೆ ಮರದಲ್ಲಿ ಕೆತ್ತಿದ ಆಭರಣ, ಕಾಲಿಗೆ ಗೆಜ್ಜೆ. ಇಷ್ಟೆಲ್ಲ ಭಾರ ಹೊತ್ತು, ಮಂಡಿ ಬಗ್ಗಿಸಿ ಹೊರಕ್ಕೆ ತೆರೆದು ಹೆಜ್ಜೆ ಹಾಕಬೇಕು. ಪ್ರಯಾಣಕ್ಕೆ ಒಂದು ಕುಣಿತ, ಯುದ್ಧಕ್ಕೆ ಇನ್ನೊಂದು. ಆವೇಶ ಏರಿದಾಗ ಗಿರಕಿ. ನಿಮಗೆ ಖಂಡಿತ ಇಷ್ಟವಾಗುವುದು ಮಂಡಿ ಕುಣಿತ: ನೆಲದ ಮೇಲೆ ಎರಡೂ ಮಂಡಿ ಊರಿ, ಚಂಡೆಯ ಪೆಟ್ಟಿಗೆ ಸರಿಯಾಗಿ ಸುತ್ತ ಸುತ್ತ ತಿರುಗುವುದು. ನೋಡುವುದಕ್ಕೆ ಸುಲಭ, ಆದರೆ ಮನೆಯ ಕಾರ್ಪೆಟ್ಟಿನ ಮೇಲೆ ಕೂಡ ಪ್ರಯತ್ನಿಸಬೇಡಿ, ಗುರುಗಳಿಲ್ಲದೆ ಮಂಡಿ ಹಾಳಾಗುತ್ತದೆ.

ಇಷ್ಟು ಕುಣಿದ ಮೇಲೆ ಬ್ಯಾಲೆ ನರ್ತಕ ತಲೆಬಾಗಿ ಒಳಗೆ ಹೋಗಬಹುದು. ಯಕ್ಷಗಾನದವನಿಗೆ ಅರ್ಧ ಕೆಲಸ ಆಗ ಶುರು. ಉಸಿರು ಇನ್ನೂ ಏರಿಳಿಯುತ್ತಿರುವಾಗಲೇ ನಿಂತು ಮಾತಾಡಬೇಕು. ಭಾಗವತರು ಹಾಡಿದ ಪದ್ಯದ ಅರ್ಥವನ್ನು ಪಾತ್ರವಾಗಿ ಬಿಡಿಸಬೇಕು. ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನ ವೇಷಧಾರಿ ಏನು ಕೇಳುತ್ತಾನೆ ಎಂಬುದೂ ಪೂರ್ತಿ ಗೊತ್ತಿರುವುದಿಲ್ಲ. ಕರ್ಣನ ಪಾತ್ರ ಮಾಡುವವನಿಗೆ ಮಹಾಭಾರತ ಕರತಲಾಮಲಕವಾಗಿರಬೇಕು, ಕನ್ನಡ ನಾಲಿಗೆಯ ಮೇಲಿರಬೇಕು, ಜೊತೆಗೆ ಈ ಗಳಿಗೆಯಲ್ಲಿ ಕರ್ಣನ ಮನಸ್ಸಿನಲ್ಲಿ ಏನಿದೆ ಎಂದು ಅವನೇ ಯೋಚಿಸಿರಬೇಕು. ಕಾಲು ಚುರುಕಾಗಿದ್ದರೆ ಸಾಲದು, ಓದಿರಬೇಕು. ಜಗತ್ತಿನಲ್ಲಿ ಇಷ್ಟೆಲ್ಲವನ್ನೂ ಒಬ್ಬನೇ ಮನುಷ್ಯನಿಂದ ಕೇಳುವ ನೃತ್ಯಗಳು ಹೆಚ್ಚಿಲ್ಲ ಎಂಬುದು ನನ್ನ ಹೆಮ್ಮೆ.

ಶಂಭು ಹೆಗಡೆಯವರಿಗೆ ಇದೆಲ್ಲ ಮನೆಯಲ್ಲೇ ಸಿಕ್ಕಿತ್ತು. ಹಾಗಿದ್ದೂ ಅವರು ಕಲಿಯಲು ಹೊರಟರು, ಅದೂ ದೆಹಲಿಗೆ. ಅಲ್ಲಿ ಬೆಂಗಳೂರಿನ ಮಾಯಾ ರಾವ್ ಅವರು 1964ರಲ್ಲಿ ನೃತ್ಯ ಸಂಯೋಜನೆ ಕಲಿಸುವ ಒಂದು ಸಂಸ್ಥೆ ಶುರುಮಾಡಿದ್ದರು. ಮಾಯಾ ರಾವ್ ಕಥಕ್ ಕಲಾವಿದೆ. ನೃತ್ಯವನ್ನು ಕಟ್ಟುವ ವಿದ್ಯೆಯನ್ನು ಓದಲು ಮಾಸ್ಕೋಗೆ ಹೋಗಿ, ಅಲ್ಲಿ ರೊಸ್ತಿಸ್ಲಾವ್ ಜಖಾರೊವ್ ಎಂಬ ರಷ್ಯನ್ ಬ್ಯಾಲೆ ಗುರುವಿನ ಕೈಯಲ್ಲಿ ಪಳಗಿ ಬಂದವರು. ಡೋಲಿನ್ ಯಾವ ರಷ್ಯನ್ ವಿದ್ಯೆಯ ಬೆನ್ನುಹತ್ತಿ ಹೆಸರನ್ನೇ ಬದಲಾಯಿಸಿಕೊಂಡರೋ, ಅದರ ಇನ್ನೊಂದು ಕವಲು ಮಾಸ್ಕೋದಿಂದ ದೆಹಲಿಗೆ, ದೆಹಲಿಯಿಂದ ಗುಣವಂತೆಗೆ ಹೀಗೆ ಹರಿದು ಬಂತು. ಮೇಳದ ಯಜಮಾನರ ಮಗ, ರಂಗಸ್ಥಳದಲ್ಲಿ ಬೆಳೆದವರು, ವಯಸ್ಸು ಇಪ್ಪತ್ತೈದು ದಾಟಿತ್ತು. ಆದರೂ ಹೊಸ ಗುರುವಿನ ಮುಂದೆ ವಿದ್ಯಾರ್ಥಿಯಾಗಿ ಕೂತರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ ಇದು.

ಅಲ್ಲಿಂದ ಬಂದು ಅವರು ಏನು ಮಾಡಿದರು, ಏನು ಮಾಡಲಿಲ್ಲ, ಎರಡೂ ಮುಖ್ಯ. ಕಾದಂಬರಿಕಾರ ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ಮಾಡಿ ನೋಡಿದ್ದರು: ಮಾತನ್ನು ಪೂರ್ತಿ ತೆಗೆದು, ಹಾಡು ಮತ್ತು ಕುಣಿತವನ್ನಷ್ಟೇ ಉಳಿಸಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಕನ್ನಡ ಬಾರದ ಊರುಗಳಲ್ಲೂ ಜನ ಅದನ್ನು ನೋಡಿ ಮೆಚ್ಚಿದರು, ಆ ಪ್ರಯೋಗದ ಬೆಲೆ ದೊಡ್ಡದು. ಶಂಭು ಹೆಗಡೆಯವರು ನೃತ್ಯ ಸಂಯೋಜನೆಯನ್ನೇ ಕಲಿತು ಬಂದಿದ್ದರೂ ಮಾತನ್ನು ಬಿಡಲಿಲ್ಲ. ಕುಣಿತ, ಅಭಿನಯ, ಅರ್ಥ ಮೂರೂ ಒಂದೇ ಪಾತ್ರದ ಒಳಗಿಂದ ಬರಬೇಕು ಎಂಬ ದಾರಿಯಲ್ಲೇ ನಡೆದರು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗಲೂ ಕಥೆಯ ಬಿಗಿ ಸಡಿಲವಾಗಬಾರದು ಎಂದು ನೋಡಿಕೊಂಡರು. ರಾಮ, ಹರಿಶ್ಚಂದ್ರ, ನಳ, ಕರ್ಣ ಎಂದರೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಅವರ ಮುಖ. ಇವರೆಲ್ಲ ಗೆಲ್ಲುವ ವೀರರಿಗಿಂತ ಹೆಚ್ಚಾಗಿ ಕಳೆದುಕೊಂಡವರು, ಗಮನಿಸಿ. ಗಂಡಸಿನ ಕುಣಿತ ಎಂದರೆ ಬರೀ ಅಬ್ಬರ ಅಲ್ಲ, ರಾಜ್ಯ ಬಿಟ್ಟ ಹರಿಶ್ಚಂದ್ರನ ಹೆಜ್ಜೆಯಲ್ಲಿ ಅಬ್ಬರ ಎಲ್ಲಿಂದ ಬರಬೇಕು?

ಅಬ್ಬರ, ಚುರುಕು, ಮೈಯೆಲ್ಲ ಮಿಂಚು ಬೇಕೆಂದರೆ ಅದೇ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿದ್ದರು. ಅವರ ಕೀಚಕ, ಭಸ್ಮಾಸುರ ನೋಡಲು ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಯಕ್ಷಗಾನಕ್ಕೆ ಬಂದ ಮೊದಲ ಪದ್ಮಶ್ರೀ ಅದು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು, 2017ರಲ್ಲಿ ತೀರಿಕೊಂಡರು. ಇಬ್ಬರಲ್ಲಿ ಯಾರು ಹೆಚ್ಚು ಎಂದು ನಮ್ಮೂರ ಕಟ್ಟೆಗಳ ಮೇಲೆ ವಾದ ಮುಗಿದಿಲ್ಲ. ನಾನು ಶಂಭು ಹೆಗಡೆಯವರ ಪಕ್ಷ, ಅದನ್ನು ಮುಚ್ಚಿಡುವುದಿಲ್ಲ.

ಶಂಭು ಹೆಗಡೆಯವರ ಇನ್ನೊಂದು ಕೆಲಸ ನಿಮ್ಮಂಥ ಮಕ್ಕಳಿಗೆ ಸಂಬಂಧಿಸಿದ್ದು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಎಂಬ ಶಾಲೆ ತೆರೆದರು. ಹಿಂದೆ ಯಕ್ಷಗಾನ ಕಲಿಯಬೇಕೆಂದರೆ ಹೆಚ್ಚಾಗಿ ಯಾವುದಾದರೂ ಮೇಳಕ್ಕೆ ಸೇರಿ, ಕೋಡಂಗಿ, ಬಾಲಗೋಪಾಲ ಎಂದು ಚಿಕ್ಕ ವೇಷದಿಂದ ಶುರುಮಾಡಿ, ದೊಡ್ಡವರನ್ನು ನೋಡಿ ನೋಡಿ ಕಲಿಯಬೇಕಿತ್ತು. ಅದೃಷ್ಟವಿದ್ದವರು ಮೇಲೆ ಬಂದರು, ಇಲ್ಲದವರು ಮೂಲೆಯಲ್ಲೇ ಉಳಿದರು. ಇಲ್ಲಿ ಹುಡುಗರು ಗುರುಗಳ ಜೊತೆಗೇ ಇದ್ದು ತಾಳ, ಹೆಜ್ಜೆ, ಬಣ್ಣಗಾರಿಕೆ, ಅರ್ಥ ಎಲ್ಲವನ್ನೂ ಕ್ರಮವಾಗಿ ಕಲಿಯುವಂತಾಯಿತು. ಅಲ್ಲಿ ಪಾಠ ಹೇಳಿದವರಲ್ಲಿ ನಮ್ಮ ಶಿರಸಿ ಕಡೆಯ ಹೊಸ್ತೋಟ ಮಂಜುನಾಥ ಭಾಗವತರೂ ಒಬ್ಬರು. ಶಿವಮೊಗ್ಗದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದವರು ಇದೇ ಭಾಗವತರು. ಕಾಣದವರು ಹೇಗೆ ಕುಣಿದರು ಎಂದು ಆಶ್ಚರ್ಯವಾಗುತ್ತದೆ, ಆದರೆ ಕುಣಿದರು. ಆ ಹೊತ್ತಿಗೆ ಹುಡುಗಿಯರೂ ಯಕ್ಷಗಾನಕ್ಕೆ ಬರತೊಡಗಿದ್ದರು. ಈಗ ಹೆಣ್ಣುಮಕ್ಕಳದ್ದೇ ತಂಡಗಳಿವೆ, ಕಿರೀಟದ ವೇಷವನ್ನೂ ಅವರೇ ಮಾಡುತ್ತಾರೆ. ಗಂಡಸರ ಕಲೆ, ಹೆಂಗಸರ ಕಲೆ ಎಂಬ ಬೇಲಿಯನ್ನು ಎರಡೂ ಕಡೆಯಿಂದ ದಾಟಿದವರಿದ್ದಾರೆ.

2009ರ ಫೆಬ್ರುವರಿ 2, ರಥಸಪ್ತಮಿ. ಇಡಗುಂಜಿಯಲ್ಲಿ ಗಣಪತಿಯ ತೇರು. ಎಪ್ಪತ್ತು ವರ್ಷದ ಶಂಭು ಹೆಗಡೆಯವರು ಅಲ್ಲಿ ‘ಲವಕುಶ’ ಪ್ರಸಂಗದ ರಾಮ. ತನ್ನ ಮಕ್ಕಳೆಂದು ಗೊತ್ತಿಲ್ಲದೆ ಇಬ್ಬರು ಹುಡುಗರ ಎದುರು ಬಿಲ್ಲು ಹಿಡಿದು ನಿಲ್ಲುವ ರಾಮ ಆತ. ಆಟದ ನಡುವೆಯೇ ಅವರ ಆರೋಗ್ಯ ಕೆಟ್ಟಿತು, ಮರುದಿನ ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾಬಲ ಹೆಗಡೆಯವರೂ ಹೋದರು. ಕೆರೆಮನೆಗೆ, ನಮ್ಮೆಲ್ಲರಿಗೆ ಅದು ಕಠಿಣ ವರ್ಷ. ಈಗ ಮೇಳವನ್ನೂ ಶಾಲೆಯನ್ನೂ ನಡೆಸುತ್ತಿರುವವರು ಅವರ ಮಗ ಶಿವಾನಂದ ಹೆಗಡೆ. ಮೊಮ್ಮಗ ಶ್ರೀಧರನೂ ವೇಷ ಮಾಡುತ್ತಾನೆ. ಶಂಭು ಹೆಗಡೆಯವರ ಹೆಸರಿನಲ್ಲಿ ಗುಣವಂತೆಯಲ್ಲಿ ನಡೆಯುವ ರಾಷ್ಟ್ರೀಯ ನಾಟ್ಯೋತ್ಸವಕ್ಕೆ ಬೇರೆ ಬೇರೆ ರಾಜ್ಯದ ನರ್ತಕರು ಬರುತ್ತಾರೆ.

ನೀವು ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ಹೊತ್ತಿಗೆ ವಜ್ರಳ್ಳಿಯಲ್ಲಿ ಜೋರು ಮಳೆಗಾಲ. ತಿರುಗಾಟದ ಮೇಳಗಳು ನವೆಂಬರಿನಿಂದ ಮೇ ತನಕ ಆಟ ಆಡಿ, ಆಗ ಪೆಟ್ಟಿಗೆ ಕಟ್ಟಿರುತ್ತವೆ. ಆದರೆ ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ: ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲಿನಲ್ಲಿ ಕೂತು ಪದ್ಯ ಮತ್ತು ಮಾತು ಮಾತ್ರ. ಅಜ್ಜನ ಹತ್ತಿರ ಕೇಳಿ, ಅಕ್ಕಪಕ್ಕದ ಊರಲ್ಲಿ ಎಲ್ಲಿ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಕನ್ನಡ ಪೂರ್ತಿ ಅರ್ಥವಾಗದಿದ್ದರೆ ಅಜ್ಜನ ಪಕ್ಕವೇ ಕೂತು ಮೆಲ್ಲಗೆ ಕೇಳಿ. ಚಳಿಗಾಲದ ರಜೆಯಲ್ಲಿ ಹೋಗುವವರಿಗೆ ಆಟವೇ ಸಿಗುತ್ತದೆ. ಆಗ ಸ್ವಲ್ಪ ಬೇಗ ಹೋಗಿ, ದೊಡ್ಡವರ ಅನುಮತಿ ಕೇಳಿ ಚೌಕಿಯ ಒಳಗೆ ಒಂದು ಗಳಿಗೆ ನಿಂತು ನೋಡಿ. ಮುಂಡಾಸು ಕಟ್ಟುವಾಗ ಮಾತ್ರ ಯಾರನ್ನೂ ಮಾತಾಡಿಸಬೇಡಿ.