ಮೆಟ್ರಿಕ್ಯುಲೇಶನ್ ದಾಟದ ಗುಂಡಪ್ಪನವರು



ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಜೂಜುವಾಡಿ, ಹೊಸೂರು ಕಡೆಯ ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಾಠಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಕಡೆ ಎಳೆದಾಡುವ ಮಗುವಿಗೆ ಫೇಲಾದರೆ ಏನು ಗತಿ ಎಂಬ ಹೆದರಿಕೆ ಸಹಜವೇ. ಅಂಥ ಮಕ್ಕಳಿಗಾಗಿ ಈ ಸಲ ಡಿ.ವಿ. ಗುಂಡಪ್ಪನವರ ಬದುಕು.

ಎಲ್ಲರೂ ಡಿ.ವಿ.ಜಿ. ಎಂದು ಕರೆಯುವ ಇವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರದ ಕಡೆಯ ಮುಳಬಾಗಿಲಿನಲ್ಲಿ. ಕನ್ನಡದ ಜೊತೆ ತೆಲುಗು, ತಮಿಳು ಕಿವಿಗೆ ಬೀಳುವ ಗಡಿಸೀಮೆ ಅದು. ನಮ್ಮ ಊರಿನ ಹಾಗೆಯೇ. ಮುಳಬಾಗಿಲು, ಮೈಸೂರು, ಕೋಲಾರ ಎಂದು ಊರು ಬದಲಿಸಿ ಓದಿದರು. ಕೊನೆಗೆ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ನಪಾಸಾದರು. ಶಾಲೆಯ ಓದು ಅಲ್ಲಿಗೆ ನಿಂತಿತು.

ಆ ಕಾಲದಲ್ಲಿ ಮೆಟ್ರಿಕ್ ಪಾಸಾದವನಿಗೆ ಸರ್ಕಾರಿ ಗುಮಾಸ್ತೆಯ ಕುರ್ಚಿ ಸಿಗುವ ಆಸೆಯಿತ್ತು. ಆಗದವನಿಗೆ ಸಿಕ್ಕ ಕೆಲಸವೇ ಕೆಲಸ. ಗುಂಡಪ್ಪನವರು ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದು ಜಟಕಾ ಗಾಡಿಗೆ ಬಣ್ಣ ಹಚ್ಚುವ ಕಡೆಯೂ ಇದ್ದರು. ಆಮೇಲೆ ಪತ್ರಿಕೆಗಳ ಬಾಗಿಲು ತಟ್ಟಿದರು.

ಇಲ್ಲಿ ಒಂದು ಮಾತು. ಡಿ.ವಿ.ಜಿ. ಫೇಲಾಗಿಯೂ ದೊಡ್ಡವರಾದರು, ಹಾಗಾಗಿ ಓದೇ ಬೇಡ ಎಂದು ಕೆಲವು ಹುಡುಗರು ಜಾಣತನ ಮಾಡುತ್ತಾರೆ. ಅದು ಪೂರ್ತಿ ತಪ್ಪು ಲೆಕ್ಕ. ಅವರು ಬಿಟ್ಟದ್ದು ಶಾಲೆಯನ್ನು, ಓದನ್ನಲ್ಲ. ಸಂಸ್ಕೃತವನ್ನೂ ವೇದಾಂತವನ್ನೂ ವಿದ್ವಾಂಸರ ಬಳಿ ಕುಳಿತು ಪಾಠ ಹೇಳಿಸಿಕೊಂಡರು. ಇಂಗ್ಲಿಷನ್ನೂ ರಾಜ್ಯಶಾಸ್ತ್ರವನ್ನೂ ತಾವೇ ಪುಸ್ತಕ ಹಿಡಿದು ಕಲಿತರು. ತನಗೆ ಗೊತ್ತಿಲ್ಲ ಎಂದು ಇನ್ನೊಬ್ಬರ ಮುಂದೆ ಒಪ್ಪಿಕೊಂಡು ಕೂರುವುದು ಫೇಲಾದವನಿಗೆ ಎಷ್ಟು ಕಷ್ಟ ಎಂಬುದನ್ನು ಯೋಚಿಸಿ. ಒಮ್ಮೆ ನಾಚಿಕೆಪಟ್ಟವನು ಮತ್ತೆ ಪ್ರಶ್ನೆ ಕೇಳಲು ಹಿಂಜರಿಯುತ್ತಾನೆ. ಅವರು ಹಿಂಜರಿಯಲಿಲ್ಲ.

1913ರಲ್ಲಿ ಅವರು 'ಕರ್ನಾಟಕ' ಎಂಬ ಪತ್ರಿಕೆ ಶುರುಮಾಡಿದರು. ಅದು ಇಂಗ್ಲಿಷ್ ಪತ್ರಿಕೆ! ಮೆಟ್ರಿಕ್ ಆಗದವರು ಅದರ ಸಂಪಾದಕರು. ದಿವಾನರ ಆಡಳಿತದ ಸರಿತಪ್ಪುಗಳನ್ನು ಅದರಲ್ಲಿ ತೂಗಿ ನೋಡುತ್ತಿದ್ದರು. ಮುಂದೆ ಮೈಸೂರಿನ ಶಾಸನ ಸಭೆಯಲ್ಲೂ ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲೂ ಸದಸ್ಯರಾದರು. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

'ಮಂಕುತಿಮ್ಮನ ಕಗ್ಗ' ಬಂದದ್ದು 1943ರಲ್ಲಿ, ಅವರಿಗೆ 56 ವರ್ಷವಾಗಿದ್ದಾಗ. 945 ಪದ್ಯಗಳು. ಹೇಳುವವನ ಹೆಸರು ನೋಡಿ: ಮಂಕು ತಿಮ್ಮ, ಅಂದರೆ ದಡ್ಡ ತಿಮ್ಮ. ಪಂಡಿತನ ವೇಷ ಬಿಟ್ಟು ದಡ್ಡನ ಹೆಸರಿನಲ್ಲಿ ಮಾತಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. 'ಜ್ಞಾಪಕ ಚಿತ್ರಶಾಲೆ'ಯಲ್ಲಿ ತಾವು ಕಂಡವರನ್ನೆಲ್ಲ ನೆನೆದರು. ದಿವಾನರೂ ವಿದ್ವಾಂಸರೂ ಇರುವ ಅದೇ ಪುಸ್ತಕಗಳಲ್ಲಿ ಹಳ್ಳಿಯ ಸಾಮಾನ್ಯರೂ ಇದ್ದಾರೆ.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1967ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. ಈ ಪಟ್ಟಿಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆ. 1945ರಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಪದವಿ ಇರಲಿ ಬಿಡಲಿ, ಬಂದು ಕೂತು ಓದುವವರಿಗಾಗಿ, ಚರ್ಚಿಸುವವರಿಗಾಗಿ. 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನೂ ಅದಕ್ಕೇ ಕೊಟ್ಟುಬಿಟ್ಟರು.

1975ರ ಅಕ್ಟೋಬರ್ 7ರಂದು ತೀರಿಕೊಂಡರು. ಸಂಸ್ಥೆ ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಅತ್ತಿಬೆಲೆ ದಾಟಿ ಹೋಗುವ ಬಸ್ಸು ಹತ್ತಿದರೆ ನಮಗೇನೂ ದೂರವಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿನ ಗ್ರಂಥಾಲಯವನ್ನು ತೋರಿಸಬಹುದು.