ಟ್ರಾಂಬೋನ್ ಹಿಡಿದ ಮೇಜರ್

ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೈನ್ಯ ಸೇರಿದೆ. ಆಗಸ್ಟ್ ಹದಿನೈದರ ಪ್ರಭಾತಫೇರಿಯಲ್ಲಿ ಡ್ರಮ್ ಬಾರಿಸಿದ್ದ ಅಭ್ಯಾಸವಿತ್ತು, ನನ್ನನ್ನು ಬ್ಯಾಂಡಿಗೆ ಹಾಕಿದರು. ಮೊದಲ ರಜೆಗೆ ಬಂದಾಗ ಅರಳಿಕಟ್ಟೆಯಲ್ಲಿ ಕೂತಿದ್ದ ಹಿರಿಯರು, ಪೀಪಿ ಊದಲು ಮಿಲಿಟರಿಗೇ ಹೋಗಬೇಕಿತ್ತೇ ಎಂದು ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಪಚ್‌ಮಢಿಯ ಸೈನಿಕ ಸಂಗೀತ ತರಬೇತಿಯಲ್ಲಿ ನಮ್ಮ ಉಸ್ತಾದರು ಹೇಳಿದ ಗ್ಲೆನ್ ಮಿಲ್ಲರ್ ಅವರ ಕಥೆಯಲ್ಲಿ ಅದು ಸಿಕ್ಕಿತು.

ಮಿಲ್ಲರ್ ಹುಟ್ಟಿದ್ದು 1904ರ ಮಾರ್ಚ್ 1ರಂದು, ಅಮೆರಿಕದ ಅಯೋವಾ ರಾಜ್ಯದ ಕ್ಲಾರಿಂಡಾ ಎಂಬ ಸಣ್ಣ ಊರಿನಲ್ಲಿ. ಬಡ ಕುಟುಂಬ. ಹುಡುಗನಾಗಿದ್ದಾಗ ಹಸುಗಳ ಹಾಲು ಕರೆದು ಗಳಿಸಿದ ದುಡ್ಡಿನಲ್ಲಿ ಟ್ರಾಂಬೋನ್ ಕೊಂಡರು. ಸಂಗೀತದ ಹುಚ್ಚಿಗೆ ಕಾಲೇಜನ್ನೂ ಅರ್ಧಕ್ಕೆ ಬಿಟ್ಟರು. ಮೊದಲು ಕಟ್ಟಿದ ವಾದ್ಯವೃಂದ ನಷ್ಟದಲ್ಲಿ ಮುಚ್ಚಿತು. 1938ರಲ್ಲಿ ಮತ್ತೊಂದು ಕಟ್ಟಿದರು. ಮರುವರ್ಷವೇ ಅಮೆರಿಕದ ಮನೆಮನೆಯ ರೇಡಿಯೋದಲ್ಲಿ ಅವರ ಸಂಗೀತ. 1942ರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಒಂದು ಹಾಡಿಗಾಗಿ ಅವರಿಗೆ ಚಿನ್ನದ ಬಣ್ಣದ ಗ್ರಾಮಫೋನ್ ತಟ್ಟೆ ಕೊಟ್ಟು ಗೌರವಿಸಿದರು.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮಿಲ್ಲರ್‌ಗೆ 38 ವರ್ಷ, ಹೆಂಡತಿಯಿದ್ದ ಸಂಸಾರಸ್ಥ. ಕಡ್ಡಾಯ ಸೇವೆಯ ಕರೆ ಬರುವ ಸಂಭವ ಕಡಿಮೆ. ಆದರೂ ತಾವೇ ಅರ್ಜಿ ಹಾಕಿದರು. ನೌಕಾಪಡೆ ತಿರಸ್ಕರಿಸಿತು, ಭೂಸೇನೆ ಒಪ್ಪಿತು. ಕೈತುಂಬ ಸಂಪಾದನೆ ತರುತ್ತಿದ್ದ ವಾದ್ಯವೃಂದವನ್ನು ಆ ಸೆಪ್ಟೆಂಬರಿನಲ್ಲಿ ವಿಸರ್ಜಿಸಿ ಸಮವಸ್ತ್ರ ತೊಟ್ಟರು.

ವಾಯುಪಡೆಗಾಗಿ ದೊಡ್ಡ ಬ್ಯಾಂಡ್ ಕಟ್ಟಿದರು. ಹಳೆಯ ಕವಾಯತು ಸಂಗೀತದ ಜಾಗದಲ್ಲಿ, ಊರಲ್ಲಿ ಹುಡುಗರು ಕುಣಿಯುತ್ತಿದ್ದ ಧಾಟಿಗಳನ್ನೇ ಹೆಜ್ಜೆಗೆ ಹೊಂದಿಸಿದರು. ಕೆಲವು ಹಿರಿಯ ಅಧಿಕಾರಿಗಳು ಮುಖ ಸಿಂಡರಿಸಿದರು, ಹುಡುಗರ ಹೆಜ್ಜೆ ಮಾತ್ರ ಹಗುರಾಯಿತು.

1944ರ ಜೂನ್‌ನಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ ಮೇಲೆ ಜರ್ಮನಿಯ ಹಾರುವ ಬಾಂಬುಗಳು ಬೀಳುತ್ತಿದ್ದ ಕಾಲ. ಬ್ಯಾಂಡನ್ನು ಅವರು ಬೆಡ್‌ಫರ್ಡ್ ಪಟ್ಟಣಕ್ಕೆ ಸಾಗಿಸಿದ ಮರುದಿನವೇ, ಅವರು ತಂಗಿದ್ದ ಬೀದಿಯಲ್ಲಿ ಬಾಂಬು ಬಿದ್ದು ಅನೇಕ ಅಮೆರಿಕನ್ ಸೈನಿಕರು ಸತ್ತರು. ಮುಂದಿನ ತಿಂಗಳುಗಳಲ್ಲಿ ಬಿಡುವಿಲ್ಲದ ಕೆಲಸ. ವಿಮಾನ ನಿಲ್ಲಿಸುವ ಹ್ಯಾಂಗರುಗಳಲ್ಲಿ, ಆಸ್ಪತ್ರೆಗಳಲ್ಲಿ, ರೇಡಿಯೋದಲ್ಲಿ ನುಡಿಸಿದರು. ನಾಳೆ ಬದುಕಿರುತ್ತೇವೋ ಇಲ್ಲವೋ ತಿಳಿಯದ ಹುಡುಗರು ಒಂದು ಗಂಟೆ ತಮ್ಮ ಊರಿಗೆ ಹೋಗಿ ಬಂದಂತೆ ಕೇಳುತ್ತಿದ್ದರು. ಈ ನಡುವೆ ಮಿಲ್ಲರ್ ಮೇಜರ್ ಆದರು.

ಬಿಡುಗಡೆಯಾದ ಪ್ಯಾರಿಸ್ಸಿನಲ್ಲಿ ಕ್ರಿಸ್‌ಮಸ್‌ಗೆ ನುಡಿಸಬೇಕಿತ್ತು. ವ್ಯವಸ್ಥೆ ನೋಡಲು ಡಿಸೆಂಬರ್ 15ರಂದು ಮುಂಚಿತವಾಗಿ ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಹೊರಟರು. ಹವೆ ಕೆಟ್ಟಿತ್ತು. ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ವಿಮಾನ ಕಾಣೆಯಾಯಿತು. ಒಳಗಿದ್ದ ಮೂವರೂ ಮರಳಲಿಲ್ಲ. 24ರಂದು ಸುದ್ದಿ ಹೊರಬಿತ್ತು. ಮರುದಿನ ಬ್ಯಾಂಡಿನವರು ತಮ್ಮ ಮೇಜರ್ ಇಲ್ಲದೆಯೇ ನುಡಿಸಿದರು. ಆಗ ಅವರಿಗೆ ನಲವತ್ತೇ ವರ್ಷ.

1987ರಲ್ಲಿ ನಮ್ಮ ಪಲ್ಟನ್ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಯಿತು. ಕಾರ್ಯಾಚರಣೆಯಲ್ಲಿ ಬ್ಯಾಂಡಿನವರಾದ ನಾವು ಗಾಯಾಳುಗಳ ಸ್ಟ್ರೆಚರ್ ಹೊರುತ್ತಿದ್ದೆವು. ಒಬ್ಬ ಜವಾನ ಗೆಳೆಯನನ್ನು ಕಳೆದುಕೊಂಡು ಎರಡು ದಿನ ಮಾತು, ಊಟ ಬಿಟ್ಟಿದ್ದ. ಸಂಜೆ ನಾನು ಮೆಲ್ಲಗೆ ಒಂದು ಹಳೆಯ ಸಿನಿಮಾ ಹಾಡು ನುಡಿಸಿದೆ. ಅವನು ಬಹಳ ಹೊತ್ತು ಅತ್ತ. ಆಮೇಲೆ ಚಹಾ ಕೇಳಿದ. ಮಿಲ್ಲರ್ ಯಾಕೆ ಅಷ್ಟೆಲ್ಲ ಬಿಟ್ಟು ಹೋದರೆಂದು ನನಗೆ ಅಂದು ತಿಳಿಯಿತು.

ಅರಳಿಕಟ್ಟೆಯ ಆ ಹಿರಿಯರು ಈಗಿಲ್ಲ. ನಾನು ನಿವೃತ್ತನಾಗಿ ಊರಿನಲ್ಲೇ ಇದ್ದೇನೆ. ಶಾಲೆಯ ಮಕ್ಕಳಲ್ಲಿ ಯಾರಿಗಾದರೂ ಬ್ಯಾಂಡ್ ಕಲಿಯುವ ಮನಸ್ಸಿದ್ದರೆ ಶನಿವಾರ ಮಧ್ಯಾಹ್ನ ಬಂದು ಕಲಿಸುತ್ತೇನೆ. ಈ ಸುವರ್ಣ ಮಹೋತ್ಸವಕ್ಕೆ ನನ್ನಿಂದಾಗುವ ಕಾಣಿಕೆ ಇಷ್ಟೇ.