ಸೋಲರಿಯದ ತಂಡದ ನಾಯಕ ಕ್ನೂಟ್ ರಾಕ್ನಿ

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರದ ಬಳಿ, ಪವಿತ್ರ ಶಿಲುಬೆಯ ಸಭೆಗೆ ಸೇರಿದ ವಂದನೀಯ ಎಡ್ವರ್ಡ್ ಸೋರಿನ್ ಗುರುಗಳು 1842ರಲ್ಲಿ ಸ್ಥಾಪಿಸಿದ ನೋಟರ್‌ಡೇಮ್ ವಿದ್ಯಾಲಯ ಇಂದು ಜಗದ್ವಿಖ್ಯಾತ. 1910ರ ಸುಮಾರಿಗಾದರೋ ಅದು ಕೆಲವೇ ನೂರು ವಿದ್ಯಾರ್ಥಿಗಳ ಸಣ್ಣ ಕಾಲೇಜು. ಮಾತೆ ಮರಿಯಳಿಗೆ ಅರ್ಪಿತವಾದ ಆ ಕಾಲೇಜಿನ ಹೆಸರನ್ನು ದೇಶದ ಮನೆಮಾತಾಗಿಸಿದ ವ್ಯಕ್ತಿ ಹುಟ್ಟಿನಿಂದ ಕಥೋಲಿಕರಲ್ಲ, ಲೂಥರನ್ ಕ್ರೈಸ್ತರು ಎಂಬುದು ಸೋಜಿಗದ ಸಂಗತಿ.

ಕ್ನೂಟ್ ರಾಕ್ನಿಯವರು ಜನಿಸಿದ್ದು ನಾರ್ವೆ ದೇಶದ ವೊಸ್ ಎಂಬಲ್ಲಿ, 1888ರ ಮಾರ್ಚ್ 4ರಂದು. ಗಾಡಿ ನಿರ್ಮಿಸುತ್ತಿದ್ದ ತಂದೆ ಷಿಕಾಗೋ ನಗರಕ್ಕೆ ಬಂದು ನೆಲೆಸಲು, ಕುಟುಂಬವೂ 1893ರಲ್ಲಿ ಹಿಂಬಾಲಿಸಿತು. ಬಡತನದ ನಿಮಿತ್ತ ರಾಕ್ನಿಯವರು ಕೆಲವು ವರ್ಷ ಅಂಚೆ ಕಛೇರಿಯಲ್ಲಿ ದುಡಿದು ಹಣ ಕೂಡಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನೋಟರ್‌ಡೇಮ್ ಸೇರಿದರು. ಸಹಪಾಠಿಗಳಿಗಿಂತ ಹಿರಿಯರು, ತಲೆಗೂದಲು ಆಗಲೇ ವಿರಳ!

ಅಮೆರಿಕನ್ನರ ಫುಟ್‌ಬಾಲ್ ನಮ್ಮ ಮಕ್ಕಳು ಆಡುವ ಆಟವಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ಭೇದಿಸಿ ಓಡುವುದೇ ಅದರ ತಿರುಳು. ಗುಂಪುಗುಂಪಾಗಿ ಮೇಲೆರಗುತ್ತಿದ್ದ ಕಾರಣ 1905ರಲ್ಲಿ ಅನೇಕ ಆಟಗಾರರು ಪ್ರಾಣ ತೆತ್ತರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಅವಕಾಶ ನೀಡಿತು. ಈ ಎಸೆತವನ್ನು ರಾಕ್ನಿಯವರೇ ಕಂಡುಹಿಡಿದರೆಂಬ ಪ್ರತೀತಿ ಸರಿಯಲ್ಲ. 1906ರಲ್ಲಿಯೇ ಜೆಸ್ವಿತರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡ ಅದನ್ನು ಬಳಸಿತ್ತು. ಆದರೂ ದೊಡ್ಡ ತಂಡಗಳಿಗೆ ಅದರಲ್ಲಿ ನಂಬಿಕೆ ಹುಟ್ಟಿರಲಿಲ್ಲ.

1913ರ ಬೇಸಿಗೆಯಲ್ಲಿ ರಾಕ್ನಿಯವರೂ ಅವರ ಗೆಳೆಯ ಗಸ್ ಡೊರೆಯ್ಸರೂ ಈರೀ ಸರೋವರದ ತೀರದ ಸೀಡರ್ ಪಾಯಿಂಟ್ ವಿಹಾರಧಾಮದಲ್ಲಿ ಕೆಲಸಕ್ಕಿದ್ದರು. ಬಿಡುವಾದೊಡನೆ ಮರಳ ಮೇಲೆ ಒಬ್ಬರು ಎಸೆಯುವುದು, ಇನ್ನೊಬ್ಬರು ಓಡುತ್ತಲೇ ಅಂಗೈಯಲ್ಲಿ ಹಿಡಿಯುವುದು. ಆ ವರ್ಷ ರಾಕ್ನಿಯವರೇ ತಂಡದ ನಾಯಕರು. ನವೆಂಬರ್ 1ರಂದು, ಸಕಲ ಸಂತರ ಮಹೋತ್ಸವದ ದಿನ, ವೆಸ್ಟ್ ಪಾಯಿಂಟ್‌ನಲ್ಲಿ ಬಲಿಷ್ಠ ಸೇನಾ ತಂಡವನ್ನು ಅವರು ಎದುರಿಸಿದರು. ರಾಕ್ನಿಯವರು ಕುಂಟುವವರಂತೆ ನಟಿಸಿ, ಎದುರಾಳಿಯ ಗಮನ ತಪ್ಪಿದೊಡನೆ ಮಿಂಚಿನಂತೆ ಓಡಿ ಚೆಂಡು ಹಿಡಿದರು. ಅರ್ಧಾವಧಿಗೆ 14-13; ಕೊನೆಗೆ 35-13. ಡೊರೆಯ್ಸರ ಹದಿನೇಳು ಎಸೆತಗಳಲ್ಲಿ ಹದಿನಾಲ್ಕು ಗುರಿ ಮುಟ್ಟಿದ್ದವು. ಆ ಋತುವಿನ ಏಳೂ ಪಂದ್ಯಗಳಲ್ಲಿ ಸಣ್ಣ ಕಾಲೇಜಿಗೇ ಜಯ.

ಪದವಿ ಪಡೆದ 1914ರಲ್ಲಿಯೇ ಸೀಡರ್ ಪಾಯಿಂಟ್‌ನಲ್ಲಿ ಪರಿಚಯವಾದ ಬಾನಿ ಸ್ಕೈಲ್ಸರನ್ನು ವರಿಸಿದ ರಾಕ್ನಿಯವರು ರಸಾಯನಶಾಸ್ತ್ರ ಬೋಧಿಸುತ್ತ ತರಬೇತಿಯಲ್ಲಿ ನೆರವಾದರು. 1918ರಿಂದ ಅವರೇ ಮುಖ್ಯ ತರಬೇತುದಾರರು. ಹದಿಮೂರು ಋತುಗಳಲ್ಲಿ 105 ಗೆಲುವು, 12 ಸೋಲು, 5 ಸಮ. ಐದು ಋತುಗಳಲ್ಲಿ ತಂಡ ಸೋಲನ್ನೇ ಕಾಣಲಿಲ್ಲ, ಸಮ ಮಾಡಿಕೊಳ್ಳಲೂ ಇಲ್ಲ. ಕಥೋಲಿಕರನ್ನು ಪರಕೀಯರೆಂದು ಶಂಕಿಸುತ್ತಿದ್ದ ಕಾಲವದು. 1924ರ ಮೇ ತಿಂಗಳಲ್ಲಿ ಕೂ ಕ್ಲಕ್ಸ್ ಕ್ಲಾನಿನವರು ಸೌತ್ ಬೆಂಡ್‌ನಲ್ಲಿ ಸಮಾವೇಶಗೊಂಡಾಗ ವಿದ್ಯಾರ್ಥಿಗಳೊಡನೆ ಘರ್ಷಣೆಯೇ ನಡೆಯಿತು. ಅದೇ ವರ್ಷದ ತಂಡ ಹತ್ತಕ್ಕೆ ಹತ್ತು ಪಂದ್ಯಗಳನ್ನೂ ಗೆದ್ದಿತು. ದೂರದೂರಿನ ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕಥೋಲಿಕ ವಲಸೆಗಾರರು, ನೋಟರ್‌ಡೇಮ್‌ನ ಅಂಗಳವನ್ನೇ ಕಾಣದವರು, ಅದನ್ನು ತಮ್ಮದೇ ತಂಡವೆಂದು ಬಗೆದರು. ಈ ಜಯದ ನಿಜವಾದ ಬೆಲೆ ಅಲ್ಲಿದೆಯೆಂದು ನಮ್ಮ ಎಣಿಕೆ.

ರಾಕ್ನಿಯವರನ್ನು ಮತಾಂತರಕ್ಕೆ ಯಾರೂ ಒತ್ತಾಯಿಸಿದಂತಿಲ್ಲ. ಪಂದ್ಯಕ್ಕೆ ಹೊರಟ ಹುಡುಗರು ನಿದ್ದೆ ಬಿಟ್ಟು ಮುಂಜಾನೆಯ ಬಲಿಪೂಜೆಗೆ ಹೋಗುವುದನ್ನು ಕಂಡು ಅವರ ಮನ ಕರಗಿತೆಂದು ಹೇಳುತ್ತಾರೆ. 1925ರ ನವೆಂಬರ್ 20ರಂದು ವಿದ್ಯಾಲಯದ ಮರದ ದಿಮ್ಮಿಗಳ ಪುಟ್ಟ ಪ್ರಾರ್ಥನಾಲಯದಲ್ಲಿ ಅವರು ಸ್ನಾನದೀಕ್ಷೆ ಪಡೆದರು. ತಂಡ ಎರಡು ಪಂದ್ಯಗಳನ್ನು ಸೋತ ವರ್ಷವದು.

1929ರಲ್ಲಿ ಕಾಲಿನ ರಕ್ತನಾಳದ ಬೇನೆಯಿಂದ ನಿಲ್ಲಲಾರದೆ ಗಾಲಿಕುರ್ಚಿಯಲ್ಲಿ ಕುಳಿತೇ ಅವರು ತಂಡವನ್ನು ನಡೆಸಿದರು. ಆ ಋತುವೂ, ಮರುವರ್ಷದ ಋತುವೂ ಸೋಲಿಲ್ಲದವು. 1931ರ ಮಾರ್ಚ್ 31ರಂದು ಲಾಸ್ ಏಂಜಲೀಸಿಗೆ ಹೊರಟಿದ್ದ ಅವರ ವಿಮಾನದ ಮರದ ರೆಕ್ಕೆ ಮುರಿದು, ಕಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಬಳಿ ಎಂಟೂ ಮಂದಿ ಮಡಿದರು. ರಾಕ್ನಿಯವರಿಗೆ ಆಗ ನಲವತ್ತಮೂರು ವರ್ಷ. ಪವಿತ್ರ ಶನಿವಾರದಂದು ವಿದ್ಯಾಲಯದ ಯೇಸುವಿನ ಪವಿತ್ರ ಹೃದಯದ ದೇವಾಲಯದಲ್ಲಿ ಅಂತ್ಯವಿಧಿಗಳು ನಡೆದವು. ದೇವಾಲಯಕ್ಕೆ ಬರಲಾಗದ ಜನರು ದೇಶದಾದ್ಯಂತ ರೇಡಿಯೋ ಸುತ್ತ ಕುಳಿತು ಅದನ್ನು ಆಲಿಸಿದರು.